ತಪಾಸಣೆಗೆ ಹೆಸರು ಹಿಡಿದು ಕರೆಯಿರಿ

ಇಲ್ಲಿ ಮೆಲ್ಬರ್ನ್‌ನಲ್ಲಿ ಐದು ವರ್ಷಕ್ಕೊಮ್ಮೆ ನನ್ನ ಹೆಸರಿಗೇ ಪತ್ರ ಬರುತ್ತದೆ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಬನ್ನಿ ಅಂತ. 25ರಿಂದ 74 ವರ್ಷದ ಹೆಂಗಸರ ಪಟ್ಟಿ ಸರ್ಕಾರದ ಹತ್ತಿರ ಇರುತ್ತದೆ. ಹೋಗದಿದ್ದರೆ ಮತ್ತೆ ನೆನಪಿಸುತ್ತಾರೆ. 2022ರ ಜುಲೈನಿಂದ ಯಾರು ಬೇಕಾದರೂ ಸ್ಯಾಂಪಲ್ ತಾವೇ ತೆಗೆದು ಕೊಡಬಹುದು. ನರ್ಸ್ ಒಂದು ಉದ್ದನೆಯ ಮೆತ್ತನೆ ತುದಿಯ ಕಡ್ಡಿ ಕೊಟ್ಟರು. ಪರದೆ ಎಳೆದುಕೊಂಡು, ಒಳಗೆ ಸ್ವಲ್ಪ ತಿರುಗಿಸಿ, ಟ್ಯೂಬಿಗೆ ಹಾಕಿ ಕೊಟ್ಟೆ. ಅಷ್ಟೇ. ಯಾರೂ ನೋಡಲಿಲ್ಲ, ಯಾರೂ ಮುಟ್ಟಲಿಲ್ಲ.

ನಮ್ಮೂರು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ನಮ್ಮ ವೈನಿ, ಅಂದರೆ ಅತ್ತಿಗೆ, ಬೆಳಿಗ್ಗೆಯಿಂದ ಮಗ್ಗದ ಕೆಲಸದಲ್ಲಿರುತ್ತಾರೆ. ತಪಾಸಣೆ ಮಾಡಿಸಿಕೊಳ್ಳಿ ಅಂತ ಫೋನಿನಲ್ಲಿ ಹೇಳಿದರೆ, "ಏನೂ ತ್ರಾಸ ಇಲ್ಲವಾ, ಸುಮ್ನ ಯಾಕ ದವಾಖಾನಿಗೆ ಹೋಗ್ಲಿ?" ಅಂದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ತ್ರಾಸ ಇದ್ದರೆ ದವಾಖಾನೆ ಅನ್ನೋದು ನಮ್ಮ ಕಡೆ ರೂಢಿ. ಆದರೆ ಈ ಕಾಯಿಲೆ ಮೊದಲಿಗೆ ತ್ರಾಸನ್ನೇ ಕೊಡುವುದಿಲ್ಲ. ಎಚ್‌ಪಿವಿ ವೈರಸ್ ತಗುಲಿ, ಹೋಗದೆ ಉಳಿದು, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಅಷ್ಟು ವರ್ಷ ನಮ್ಮ ಕೈಯಲ್ಲಿರುತ್ತದೆ, ಆದರೂ ಭಾರತದಲ್ಲಿ ವರ್ಷಕ್ಕೆ 70 ಸಾವಿರಕ್ಕೂ ಹೆಚ್ಚು ಹೆಂಗಸರು ಇದರಿಂದ ಸಾಯುತ್ತಾರೆ. ರಕ್ತ ಹೋಗೋಕೆ ಶುರುವಾದ ಮೇಲೆ ಮಿರಜ್‌ಗೋ ಹುಬ್ಬಳ್ಳಿಗೋ ಓಡುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ.

ನಮ್ಮಲ್ಲಿ ವ್ಯವಸ್ಥೆ ಇಲ್ಲ ಅನ್ನಬೇಡಿ. 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು ಅಂತ ಸರ್ಕಾರದ ಕಾರ್ಯಕ್ರಮವೇ ಇದೆ. ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದರೆ, ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ದುಬಾರಿ ಯಂತ್ರ ಬೇಕಿಲ್ಲ, ತರಬೇತಿ ಪಡೆದ ನರ್ಸ್ ಸಾಕು. ಕೊರತೆ ಇರುವುದು ಕರೆಯುವುದರಲ್ಲಿ. ಕ್ಯಾಂಪ್ ಇದೆ ಅಂತ ಮೈಕಿನಲ್ಲಿ ಕೂಗಿದರೆ, ಎಲ್ಲರೆದುರು ಸಾಲಿನಲ್ಲಿ ನಿಲ್ಲಲು ಯಾವ ಸೊಸೆ ಬರುತ್ತಾಳೆ? ಆಶಾ ಕಾರ್ಯಕರ್ತೆಗೆ ಓಣಿಯ ಪ್ರತಿ ಮನೆ ಗೊತ್ತು. ಬಾಣಂತಿಯರ, ಮಕ್ಕಳ ಲಸಿಕೆಯ ಲೆಕ್ಕ ಅವರೇ ಇಡುತ್ತಾರೆ. ಅದೇ ಪುಸ್ತಕದಲ್ಲಿ ಇದಕ್ಕೂ ಒಂದು ಪುಟ ಇರಲಿ, ಅದಕ್ಕೆ ತಕ್ಕ ದುಡ್ಡನ್ನೂ ಕೊಡಲಿ.

ಎಚ್‌ಪಿವಿ ತಡೆಯುವ ಲಸಿಕೆಯ ವಿಷಯವೂ ಹಾಗೇ. ಆಸ್ಟ್ರೇಲಿಯಾ 2007ರಲ್ಲೇ ಹುಡುಗಿಯರಿಗೆ, 2013ರಿಂದ ಹುಡುಗರಿಗೂ ಶಾಲೆಯಲ್ಲಿ ಕೊಡಲು ಶುರು ಮಾಡಿತು, 2035ರ ಹೊತ್ತಿಗೆ ಈ ಕ್ಯಾನ್ಸರ್ ಲಕ್ಷಕ್ಕೆ ನಾಲ್ಕಕ್ಕಿಂತ ಕಡಿಮೆ ಆಗಬೇಕು ಅನ್ನೋ ಗುರಿ ಇಟ್ಟುಕೊಂಡಿದೆ. ಅದು ಶ್ರೀಮಂತ ದೇಶ, ಬಿಡಿ ಅನ್ನುವವರು ಸಿಕ್ಕಿಂ ನೋಡಲಿ. 2018ರಲ್ಲಿ 9ರಿಂದ 14ರ ಹುಡುಗಿಯರಲ್ಲಿ ಶೇ 95ಕ್ಕೂ ಹೆಚ್ಚು ಮಂದಿಗೆ ಹಾಕಿಸಿದರು. ಮೊದಲು ಶಾಲೆಯಲ್ಲಿ, ಆಮೇಲೆ ಶಾಲೆ ಬಿಟ್ಟವರಿಗೆ. ಈ ಎರಡನೆಯದು ನಮ್ಮ ಜಿಲ್ಲೆಗೆ ಬಹಳ ಮುಖ್ಯ. ಕಬ್ಬು ಕಡಿಯಲು ಅಪ್ಪ ಅಮ್ಮನ ಜೊತೆ ಹೋದ ಹುಡುಗಿ ಹಾಜರಿ ಪುಸ್ತಕದಲ್ಲಿ ಸಿಗುವುದಿಲ್ಲ, ಅಲ್ವಾ?

ವೈನಿ ಕೊನೆಗೆ ಹೋದರು, ಆಶಾ ಅಕ್ಕ ಮನೆಗೇ ಬಂದು ಜೊತೆಗೆ ಕರೆದುಕೊಂಡು ಹೋದ ಮೇಲೆ. ಏನೂ ತೊಂದರೆ ಇಲ್ಲ ಅಂದರು. ಮುಂದೆ ಯಾವಾಗ ಬರಬೇಕು ಅಂತ ಮಾತ್ರ ಯಾರೂ ಬರೆದು ಕೊಡಲಿಲ್ಲ. ಆ ತಾರೀಖು ಒಂದು ಚೀಟಿಯಲ್ಲಿ ಅವರ ಹತ್ತಿರ, ಇನ್ನೊಂದು ಆಶಾ ಅಕ್ಕನ ಪುಸ್ತಕದಲ್ಲಿ ಇರಲೇಬೇಕು.