ಸಂಖ್ಯೆ ಅರ್ಧವಾಗುವುದು ಮೊದಲ ವಿಭಜನೆಯಲ್ಲೇ

ವೀರ್ಯಾಣು ರೂಪುಗೊಳ್ಳುವಾಗ ಕೋಶವು ಒಂದರ ಹಿಂದೊಂದು ಎರಡು ಬಾರಿ ವಿಭಜನೆಯಾಗುತ್ತದೆ. ಇದರಲ್ಲಿ ವರ್ಣತಂತುಗಳ (ವಂಶವಾಹಿಗಳನ್ನು ಹೊತ್ತ ಎಳೆಗಳ) ಸಂಖ್ಯೆ ಎರಡನೆಯ ವಿಭಜನೆಯಲ್ಲಿ ಅರ್ಧಕ್ಕಿಳಿಯುತ್ತದೆ ಎಂದು ಈ ವಿಷಯದ ಲೇಖನದಲ್ಲಿ ಲೇಖಕರು ಬರೆದಿರುವ ಮಾತನ್ನು ಒಪ್ಪಲಾಗದು. 46 ವರ್ಣತಂತುಗಳು ಜೋಡಿಗೂಡಿ, ತುಣುಕುಗಳನ್ನು ವಿನಿಮಯ ಮಾಡಿಕೊಂಡು, ಬಳಿಕ ಜೋಡಿ ಮುರಿದು ಎದುರುಬದುರು ಧ್ರುವಗಳಿಗೆ ಸರಿಯುವುದು ಮೊದಲ ವಿಭಜನೆಯಲ್ಲೇ; ಅಲ್ಲಿಗೆ ಎಣಿಕೆ 23ಕ್ಕೆ ಇಳಿದಿರುತ್ತದೆ. ಎರಡನೆಯದರಲ್ಲಿ ಬೇರ್ಪಡುವುದು ಪ್ರತಿ ವರ್ಣತಂತುವಿನ ಎರಡು ಕ್ರೊಮ್ಯಾಟಿಡ್‌ಗಳು (ಅಂಟಿಕೊಂಡಿರುವ ಎರಡು ಪ್ರತಿಗಳು) ಮಾತ್ರ. ಇದು ಪಿಯುಸಿ ಪರೀಕ್ಷೆಯ ಅಂಕಕ್ಕಷ್ಟೇ ಸಂಬಂಧಿಸಿದ ವ್ಯತ್ಯಾಸವಲ್ಲ: ತುದಿಗಳಲ್ಲಷ್ಟೇ ಜೋಡಿಗೂಡುವ ಎಕ್ಸ್ ಮತ್ತು ವೈ ಎಂಬ ಲಿಂಗ ವರ್ಣತಂತುಗಳು ಮೊದಲ ಹಂತದಲ್ಲಿ ಬೇರ್ಪಡದಿದ್ದರೆ ಎರಡೂ ಒಂದೇ ವೀರ್ಯಾಣುವಿಗೆ ಸೇರಿ, ಮಗುವಿನಲ್ಲಿ ಎಕ್ಸ್‌ಎಕ್ಸ್‌ವೈ, ಅಂದರೆ ಗಂಡಿನಲ್ಲಿ ಒಂದು ಎಕ್ಸ್ ಹೆಚ್ಚಾಗಿರುವ ಕ್ಲೈನ್‌ಫೆಲ್ಟರ್ ಸ್ಥಿತಿ ಉಂಟಾಗಬಹುದು, ಎರಡನೆಯ ಹಂತದಲ್ಲಿ ವೈ ಕ್ರೊಮ್ಯಾಟಿಡ್‌ಗಳು ಬಿಡಿಸಿಕೊಳ್ಳದಿದ್ದರೆ ಎಕ್ಸ್‌ವೈವೈ ಆಗಬಹುದು. ಲೇಖನದ ಚಿತ್ರದಲ್ಲಿಯೂ ಮೊದಲ ವಿಭಜನೆಯ ನಂತರದ ಕೋಶಗಳಿಗೆ 46 ಎಂದೇ ಬರೆಯಲಾಗಿದೆ; ವಿದ್ಯಾರ್ಥಿಗಳು ಅದನ್ನೇ ನಕಲು ಮಾಡಿಕೊಳ್ಳುವ ಮೊದಲು ತಿದ್ದಿದರೆ ಒಳಿತು.