ಹೊರಗಿನವರ ಸಾಕ್ಷಿ

ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 3ನೆಯ ಅಧ್ಯಾಯದಲ್ಲಿ ಸಭಾಧ್ಯಕ್ಷನಿಗೆ, ಅಂದರೆ ಕ್ರೈಸ್ತ ಸಭೆಯ ಮೇಲ್ವಿಚಾರಕನಿಗೆ, ಇರಬೇಕಾದ ಯೋಗ್ಯತೆಗಳನ್ನು ವಿವರಿಸುತ್ತ, ಅವನು ಕುಡುಕನಾಗಿರಬಾರದು, ಹಣದಾಸೆಯವನಾಗಿರಬಾರದು ಎಂದೆಲ್ಲ ಹೇಳಿ, ಕೊನೆಯಲ್ಲಿ ಸಭೆಯ ಹೊರಗಿನವರಿಂದಲೂ ಒಳ್ಳೆಯ ಸಾಕ್ಷಿ ಪಡೆದಿರಬೇಕು ಎನ್ನುತ್ತಾನೆ. ನಮ್ಮಲ್ಲಿ ಸಭೆಯ ಕಮಿಟಿಗೆ ಚುನಾವಣೆ ಬಂದಾಗ ಉಳಿದೆಲ್ಲ ಯೋಗ್ಯತೆಗಳ ಚರ್ಚೆ ನಡೆಯುತ್ತದೆ, ಈ ಕೊನೆಯದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ನಮ್ಮ ಗುಳೇದಗುಡ್ಡದಲ್ಲಿ ನೆಲೆಯೂರಿದ್ದು 1851ರಲ್ಲಿ. ಅಷ್ಟು ಹಳೆಯ ಬೇರುಗಳಿದ್ದರೂ ಬಾಗಲಕೋಟೆ ಜಿಲ್ಲೆಯಲ್ಲಿ ಕ್ರೈಸ್ತರು ಇಂದಿಗೂ ತೀರ ಅಲ್ಪಸಂಖ್ಯಾತರು. ಆದ್ದರಿಂದ ನಮ್ಮ ಕೊಡುಕೊಳ್ಳುವಿಕೆಯೆಲ್ಲ ಖಣ ನೇಯುವವರು, ಕಿರಾಣಿ ಅಂಗಡಿಯವರು, ಗೌಂಡಿಗಳು, ಹೊಲದ ಆಳುಗಳು ಹೀಗೆ ಹೊರಗಿನವರೊಂದಿಗೇ ನಡೆಯುತ್ತದೆ. ಭಾನುವಾರದ ಆರಾಧನೆಯಲ್ಲಿ ನಾವು ಎಷ್ಟು ಭಕ್ತಿಯಿಂದ ಹಾಡಿದೆವು ಎಂಬುದು ಅವರಿಗೆ ತಿಳಿಯದು. ಶನಿವಾರ ಸಂತೆಯ ಹೊತ್ತಿಗೆ ಪಗಾರ ಕೈಸೇರಿತೋ ಇಲ್ಲವೋ ಎಂಬುದು ಚೆನ್ನಾಗಿ ತಿಳಿದಿರುತ್ತದೆ.

ಪಗಾರದ ವಿಷಯದಲ್ಲಿ ಬೈಬಲ್ ಬಹಳ ಕಟ್ಟುನಿಟ್ಟಾಗಿದೆ. ಕೂಲಿಯವನು ಬಡವನು, ಅವನ ಮನಸ್ಸೆಲ್ಲ ಆ ಕೂಲಿಯ ಮೇಲೆಯೇ ಇರುತ್ತದೆ, ಆದಕಾರಣ ಹೊತ್ತು ಮುಳುಗುವ ಮೊದಲೇ ಅದನ್ನು ಕೊಡಬೇಕು, ಅವನು ಸ್ವಂತ ಜನದವನಾಗಿದ್ದರೂ ಪರದೇಶದವನಾಗಿದ್ದರೂ ಸರಿ, ಎಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ ಎಂದು ಯಾಕೋಬನು ಬರೆದದ್ದನ್ನು ಓದುವಾಗ, ಹಂಗಾಮಿನಲ್ಲಿ ಗುಳೆ ಬರುವ ಕಬ್ಬು ಕಟಾವಿನ ಗ್ಯಾಂಗುಗಳು ನನ್ನ ಕಣ್ಣ ಮುಂದೆ ಬರುತ್ತವೆ. ಇಷ್ಟಿದ್ದೂ, ಹೊಸ ಮನೆ ಕೊಟ್ಟ ದೇವರಿಗೆ ಸಾಕ್ಷಿ ಕೂಟದಲ್ಲಿ ಕಣ್ಣೀರು ಹಾಕಿ ಸ್ತೋತ್ರ ಸಲ್ಲಿಸಿದ ಹಿರಿಯರೊಬ್ಬರು ಆ ಮನೆ ಕಟ್ಟಿದ ಗೌಂಡಿಯನ್ನು ಬಾಕಿಗಾಗಿ ತಿಂಗಳುಗಟ್ಟಲೆ ಅಲೆದಾಡಿಸಿದ್ದನ್ನು ನಾನು ಬಲ್ಲೆ. ಆ ಕೂಟದಲ್ಲಿ 'ಆಮೆನ್' ಮಾತ್ರ ಜೋರಾಗಿಯೇ ಕೇಳಿಬಂತು.

ಇಂಥ ಮಾತು ಆಡಿದರೆ, ರಕ್ಷಣೆಯು ನಂಬಿಕೆಯಿಂದಲೇ ಹೊರತು ಕ್ರಿಯೆಗಳಿಂದಲ್ಲ ಎಂದು ಎಫೆಸದವರಿಗೆ ಬರೆದ ಪತ್ರವನ್ನು ತೋರಿಸುವವರಿದ್ದಾರೆ. ಅವರು ಎರಡನೆಯ ಅಧ್ಯಾಯದ 9ನೆಯ ವಚನಕ್ಕೇ ಪುಸ್ತಕ ಮಡಚಿಡುತ್ತಾರೆ. ನಾವು ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಸಲ್ಪಟ್ಟವರು ಎನ್ನುವುದು 10ನೆಯ ವಚನ. ಮೋಸದಿಂದ ಪಡೆದದ್ದಕ್ಕೆ ಐದನೆಯ ಒಂದು ಪಾಲು ಸೇರಿಸಿ ಹಿಂದಿರುಗಿಸಬೇಕೆಂದು ಯಾಜಕಕಾಂಡದಲ್ಲಿದ್ದರೆ, ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದವನಾದ ಜಕ್ಕಾಯನು ನಾಲ್ಕರಷ್ಟು ಕೊಡುವೆನೆಂದು ಎದ್ದುನಿಂತನು. ನಾವಾದರೋ ದೇವರಲ್ಲಿ ಕ್ಷಮೆ ಬೇಡಿ, ಅಂಗಡಿಯವನ ಉದ್ರಿಯನ್ನು ಹಾಗೆಯೇ ಉಳಿಸಿಕೊಳ್ಳುತ್ತೇವೆ.

ಆದುದರಿಂದ ಮುಂದಿನ ಚುನಾವಣೆಗೆ ನನ್ನದೊಂದು ಸಲಹೆಯಿದೆ. ಅಭ್ಯರ್ಥಿಯ ಹೆಸರನ್ನು ಸಭೆಯಲ್ಲಿ ಓದುವ ಮೊದಲು, ಅವರ ಮನೆಯಲ್ಲಿ ಪಾತ್ರೆ ತಿಕ್ಕುವವರನ್ನೂ ಅವರ ಹೊಲಕ್ಕೆ ಕೂಲಿಗೆ ಹೋಗುವವರನ್ನೂ ಓಣಿಯ ಕಿರಾಣಿ ಅಂಗಡಿಯವರನ್ನೂ ಸಭಾಪಾಲಕರು ಒಮ್ಮೆ ಮಾತನಾಡಿಸಲಿ. ಇದಕ್ಕೆ ನಿಯಮಾವಳಿಯ ತಿದ್ದುಪಡಿಯೇನೂ ಬೇಕಾಗಿಲ್ಲ, ಒಂದು ಸಂಜೆಯ ತಿರುಗಾಟ ಸಾಕು.