ಮಾಹಿತಿ ತಂತ್ರಜ್ಞಾನಕ್ಕೆ ಮೂರು ಸೆಟ್ ಜೆರಾಕ್ಸ್

ಕಂಪ್ಯೂಟರ್ ವಿಷಯದ ಸ್ನಾತಕೋತ್ತರ ಪದವಿಯಾದ ಎಂಸಿಎಯ ಅವಧಿಯನ್ನು ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿಸುವ ತೀರ್ಮಾನ 2020-21ನೇ ಸಾಲಿನಿಂದ ಜಾರಿಗೆ ಬಂದಾಗ, ಕತ್ತರಿ ಬಿದ್ದ ಆ ಒಂದು ವರ್ಷದ ಪಾಠಗಳೆಲ್ಲ ಎಲ್ಲಿ ಹೋದವೆಂದು ಕಳವಳಪಟ್ಟ ಹಿರಿಯ ಪ್ರಾಧ್ಯಾಪಕರಿದ್ದರು. ಅವರು ನೆಮ್ಮದಿಯಿಂದ ಇರಬಹುದು. ನಮ್ಮ ಅನೇಕ ಕಾಲೇಜುಗಳು ಆ ವರ್ಷವನ್ನು ಪೋಲಾಗಲು ಬಿಡದೆ ಒಂದೇ ದಿನಕ್ಕೆ ಅಡಕಗೊಳಿಸಿ, ಅದಕ್ಕೆ ಓರಿಯೆಂಟೇಷನ್ ಎಂದು ಹೆಸರಿಟ್ಟು, ಹೊಸಬರು ಆವರಣಕ್ಕೆ ಕಾಲಿಟ್ಟ ದಿನವೇ ನಡೆಸಿ ಮುಗಿಸುತ್ತಿವೆ. ಮುಂದಿನ ನಾಲ್ಕು ಸೆಮಿಸ್ಟರ್‌ಗಳಲ್ಲಿ ಏನನ್ನು ಮಾಡಬಾರದೆಂದು ಪಾಠ ಹೇಳಲಿದ್ದಾರೋ ಅದೆಲ್ಲವನ್ನೂ ವಿದ್ಯಾರ್ಥಿಗಳ ಮೇಲೆಯೇ ಪ್ರಯೋಗಿಸಿ ತೋರಿಸುವುದು ಈ ಕಾರ್ಯಕ್ರಮದ ಹೆಚ್ಚುಗಾರಿಕೆ.

ಡೇಟಾಬೇಸ್ ವಿಷಯದಿಂದಲೇ ಆರಂಭವಾಗುತ್ತದೆ. ಒಂದೇ ಮಾಹಿತಿಯನ್ನು ಹತ್ತು ಕಡೆ ಬರೆದಿಡಬಾರದು, ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರೆ ಯಾವುದು ಸರಿಯೆಂದು ಯಾರಿಗೂ ತಿಳಿಯುವುದಿಲ್ಲ ಎಂಬುದು ಆ ವಿಷಯದ ತಿರುಳು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಹಿಡಿದು, ಪುನರಾವರ್ತನೆಯನ್ನು ತೆಗೆದುಹಾಕುವ ನಾರ್ಮಲೈಸೇಷನ್‌ನ ಮೆಟ್ಟಿಲುಗಳವರೆಗೆ ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದು ಇದನ್ನೇ. ಆದರೆ ಬಾಯಿಪಾಠದಿಂದ ತಲೆಗೆ ಹತ್ತದ ತತ್ವ ಕೈ ಸೋತಾಗ ಹತ್ತುತ್ತದೆ ಎಂಬುದನ್ನು ವಿಭಾಗ ಬಲ್ಲದು. ಹೀಗಾಗಿ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಗೆ ಅರ್ಜಿ ಹಾಕುವಾಗ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಒಮ್ಮೆ ತುಂಬಿದ ಹೆಸರು, ತಂದೆಯ ಹೆಸರು, ಜಾತಿ, ವಾರ್ಷಿಕ ಆದಾಯ, ರಕ್ತದ ಗುಂಪು ಇತ್ಯಾದಿಗಳನ್ನು ವಿದ್ಯಾರ್ಥಿಯು ಕಾಲೇಜಿನ ಪ್ರವೇಶ ಅರ್ಜಿಯಲ್ಲಿ, ವಿಶ್ವವಿದ್ಯಾಲಯದ ನೋಂದಣಿಯಲ್ಲಿ, ಗ್ರಂಥಾಲಯದ ಚೀಟಿಯಲ್ಲಿ, ಹಾಸ್ಟೆಲ್ ಅರ್ಜಿಯಲ್ಲಿ, ಗುರುತಿನ ಚೀಟಿಯ ನಮೂನೆಯಲ್ಲಿ, ಮೆಂಟರ್ ಪುಸ್ತಕದಲ್ಲಿ, ಕೊನೆಗೆ ಇನ್ನೂ ಎರಡು ವರ್ಷ ಯಾರಿಗೂ ಬೇಕಾಗದ ಪ್ಲೇಸ್‌ಮೆಂಟ್ ಘಟಕದ ಹಾಳೆಯಲ್ಲಿ, ದಪ್ಪ ಅಕ್ಷರಗಳಲ್ಲಿ, ನೀಲಿ ಶಾಯಿಯಲ್ಲಿ ಮತ್ತೆ ಮತ್ತೆ ಬರೆಯುತ್ತಾನೆ. ಒಂದರಲ್ಲಾದರೂ ತಪ್ಪಿಲ್ಲದೆ ಇಷ್ಟನ್ನೂ ಬರೆದು ಮುಗಿಸಿದವನು ಮನುಷ್ಯನಲ್ಲ.

ಈ ಪ್ರಯೋಗದ ಫಲಿತಾಂಶ ಅಂದು ಸಂಜೆಯೊಳಗೇ ಕೈಗೆ ಸಿಗುತ್ತದೆ. ಮಂಜುನಾಥ ಎಂಬೊಬ್ಬ ವಿದ್ಯಾರ್ಥಿ ಬಂದನೆನ್ನೋಣ. ಅವನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಂಜುನಾಥ ಹೆಚ್., ಆಧಾರ್‌ನಲ್ಲಿ ಮಂಜುನಾಥ್ ಹನುಮಂತಪ್ಪ, ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಹೆಚ್. ಮಂಜುನಾಥ. ಬೆಳಿಗ್ಗೆ ಒಬ್ಬನೇ ಬಸ್ಸಿಳಿದು ಬಂದ ಹುಡುಗ ಸಾಯಂಕಾಲದ ಹೊತ್ತಿಗೆ ವಿಭಾಗದ ದಾಖಲೆಗಳಲ್ಲಿ ಮೂವರಾಗಿರುತ್ತಾನೆ. ಅವರಲ್ಲಿ ಮೊದಲನೆಯವನಿಗೆ ವಿದ್ಯಾರ್ಥಿವೇತನ ಮಂಜೂರಾಗುತ್ತದೆ, ಎರಡನೆಯವನ ಶುಲ್ಕ ಬಾಕಿ ಇರುತ್ತದೆ, ಮೂರನೆಯವನಿಗೆ ಹಾಜರಾತಿ ಕೊರತೆಯ ನೋಟಿಸ್ ಹೋಗುತ್ತದೆ.

ದಾಖಲೆ ಪರಿಶೀಲನೆಯ ಮೇಜಿನ ಬಳಿ ಕಲಿಕೆ ಇನ್ನೂ ಆಳಕ್ಕಿಳಿಯುತ್ತದೆ. ಎಲೆಕ್ಟ್ರಾನಿಕ್ ದಾಖಲೆಗೂ ಡಿಜಿಟಲ್ ಸಹಿಗೂ ಕಾನೂನಿನ ಮಾನ್ಯತೆ ಕೊಟ್ಟ ಮಾಹಿತಿ ತಂತ್ರಜ್ಞಾನ ಕಾಯ್ದೆ ನಮ್ಮ ದೇಶದಲ್ಲಿ 2000ದ ಅಕ್ಟೋಬರ್‌ನಿಂದ ಜಾರಿಯಲ್ಲಿದೆ, ಅಂದರೆ ಈಗ ಸರದಿಯಲ್ಲಿ ನಿಂತಿರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಹುಟ್ಟುವುದಕ್ಕೆ ಮೊದಲೇ ಜಾರಿಗೆ ಬಂದಿದೆ. ಡಿಜಿಲಾಕರ್ 2015ರಲ್ಲಿ ಬಂತು. ಅದರ ಮೂಲಕ ಮಂಡಳಿಯೋ ವಿಶ್ವವಿದ್ಯಾಲಯವೋ ನೀಡಿದ ಅಂಕಪಟ್ಟಿ ಮೂಲ ಪ್ರತಿಗೆ ಸಮ ಎಂದು ನಿಯಮವೇ ಹೇಳುತ್ತದೆ. ಇವೆರಡೂ ಈ ಪದವಿಯ ಪಠ್ಯದಲ್ಲಿ ಬರುವ ಸಂಗತಿಗಳು, ಪರೀಕ್ಷೆಯಲ್ಲಿ ಅಂಕಗಳಿಗೆ ಕೇಳುವಂಥವು. ಮೇಜಿನ ಬಳಿ ನಡೆಯುವ ಸಂಭಾಷಣೆ ಮಾತ್ರ ಸಾಮಾನ್ಯವಾಗಿ ಹೀಗಿರುತ್ತದೆ:

“ಸರ್, ಮಾರ್ಕ್ಸ್ ಕಾರ್ಡ್ ಡಿಜಿಲಾಕರ್‌ನಲ್ಲಿದೆ.”

“ಇರಲಿ ಕಣಮ್ಮಾ, ಅದನ್ನ ಪ್ರಿಂಟ್ ತೆಗೆಸಿಕೊಂಡು ಬಾ.”

“ಪ್ರಿಂಟ್ ತೆಗೆಸಿದರೆ ಅದನ್ನ ಒರಿಜಿನಲ್ ಅಂತ ತಗೋತೀರಾ ಸರ್?”

“ಇಲ್ಲ. ಅದಕ್ಕೇ ಒರಿಜಿನಲ್ಲೂ ಬೇಕು. ಎರಡನ್ನೂ ಮೂರು ಸೆಟ್ ಜೆರಾಕ್ಸ್ ಮಾಡಿಸಿ, ಎಲ್ಲದರ ಮೇಲೂ ಸೆಲ್ಫ್ ಅಟೆಸ್ಟ್ ಮಾಡು.”

“ಸೆಲ್ಫ್ ಅಟೆಸ್ಟ್ ಮಾಡಿದರೆ ಸಾಕಾ ಸರ್?”

“ಸಾಕು. ಆಮೇಲೆ ಎಚ್‌ಓಡಿ ಹತ್ತಿರ ಹೋಗಿ ಸೈನ್ ಹಾಕಿಸಿಕೊಂಡು ಬಾ.”

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಇಡೀ ವ್ಯವಸ್ಥೆಯನ್ನು ಸಮಗ್ರವಾಗಿ ಅಧ್ಯಯನ ಮಾಡಿ, ಅಗತ್ಯಗಳನ್ನು ಪಟ್ಟಿ ಮಾಡಿ, ಅದಕ್ಕೆ ತಕ್ಕ ಪರಿಹಾರ ರೂಪಿಸಿದ ಏಕೈಕ ಸಿಸ್ಟಮ್ ಅನಲಿಸ್ಟ್ ಎಂದರೆ ಕಾಲೇಜಿನ ಗೇಟಿನೆದುರು ಜೆರಾಕ್ಸ್ ಅಂಗಡಿ ಇಟ್ಟಿರುವಾತ. ಯಾವ ಕೋರ್ಸಿಗೆ ಎಷ್ಟು ಸೆಟ್, ಯಾವ ಪುಟದ ಎರಡೂ ಬದಿ, ಪಾಸ್‌ಪೋರ್ಟ್ ಅಳತೆಯ ಫೋಟೋದ ಹಿನ್ನೆಲೆ ಬಿಳಿಯೋ ನೀಲಿಯೋ ಎಂಬುದು ಅವನಿಗೆ ಗೊತ್ತಿರುವಷ್ಟು ಪ್ರಾಂಶುಪಾಲರಿಗೂ ಗೊತ್ತಿರುವುದಿಲ್ಲ. ಕಾಲೇಜಿನ ಸರ್ವರ್ ಕೈಕೊಟ್ಟ ದಿನವೂ ಅವನ ಯಂತ್ರ ನಡೆಯುತ್ತಿರುತ್ತದೆ. ವಿಭಾಗದವರು ಉದ್ಯಮದೊಂದಿಗೆ ಒಡಂಬಡಿಕೆ ಮಾಡಿಕೊಳ್ಳಬೇಕೆಂದು ಊರೂರು ಅಲೆಯುವ ಬದಲು ರಸ್ತೆ ದಾಟಿದರೆ ಸಾಕು.

ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಯ ಕಥೆಯೂ ಇದೇ ಜಾತಿಯದು. ರ‍್ಯಾಗಿಂಗ್‌ನಿಂದ ಜೀವಗಳು ಹೋದ ಮೇಲೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ರೂಪಿಸಿದ ನಿಯಮಾವಳಿ ಬೇಕಾದದ್ದೇ, ಅದರಲ್ಲಿ ನಗುವಂಥದ್ದೇನೂ ಇಲ್ಲ. ವಿದ್ಯಾರ್ಥಿ ಮತ್ತು ಪೋಷಕರು ಆನ್‌ಲೈನ್‌ನಲ್ಲಿ ಮುಚ್ಚಳಿಕೆ ಸಲ್ಲಿಸಿ, ಇಮೇಲ್‌ಗೆ ಬಂದ ನೋಂದಣಿ ಸಂಖ್ಯೆಯನ್ನು ಕಾಲೇಜಿಗೆ ಕಳುಹಿಸಿದರೆ ಸಾಕು, ಮುದ್ರಿಸಿ ಸಹಿ ಹಾಕುವುದು ಬೇಡ ಎಂದು ಆಯೋಗವೇ ಆಮೇಲೆ ಸರಳಗೊಳಿಸಿತು. ಇಷ್ಟು ಸರಳವಾದರೆ ವಿದ್ಯಾರ್ಥಿಗೆ ಗಾಂಭೀರ್ಯ ತಿಳಿಯುವುದಿಲ್ಲವೆಂದು ಕಚೇರಿ ಭಾವಿಸಿದಂತಿದೆ. ಆನ್‌ಲೈನ್ ಮುಚ್ಚಳಿಕೆಯನ್ನು ಮುದ್ರಿಸಿ, ಅದರ ಒಕ್ಕಣೆಯನ್ನೇ ಬಾಂಡ್ ಪೇಪರ್ ಮೇಲೆ ಟೈಪ್ ಮಾಡಿಸಿ, ನೋಟರಿಯ ಮೊಹರು ಹಾಕಿಸಿ, ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಕೊಡಬೇಕು. ತಾನು ಹಿರಿಯನಾದ ಮೇಲೆ ಕಿರಿಯರನ್ನು ಪೀಡಿಸುವುದಿಲ್ಲ ಎಂದು ಬರೆದುಕೊಡಲು ಉರಿಬಿಸಿಲಿನಲ್ಲಿ ನ್ಯಾಯಾಲಯದ ಆವರಣ ಸುತ್ತಿ ಬಂದ ಹೊಸ ವಿದ್ಯಾರ್ಥಿಗೆ, ಪೀಡೆ ಎಂದರೇನೆಂದು ಬೇರೆ ಉದಾಹರಣೆ ಕೊಟ್ಟು ವಿವರಿಸಬೇಕಾದ ಅಗತ್ಯವಿರುವುದಿಲ್ಲ.

ಆದರೆ ಇಡೀ ದಿನದ ಶ್ರೇಷ್ಠ ಪ್ರಾತ್ಯಕ್ಷಿಕೆ ಆಪರೇಟಿಂಗ್ ಸಿಸ್ಟಮ್ ವಿಷಯದ್ದು. ಆ ವಿಷಯದಲ್ಲಿ ಡೆಡ್‌ಲಾಕ್ ಎಂಬ ಅಧ್ಯಾಯವಿದೆ, ಎಲ್ಲರೂ ಪರಸ್ಪರ ಕಾಯುತ್ತ ಯಾರೂ ಮುಂದೆ ಸಾಗಲಾಗದ ಸ್ಥಿತಿ ಅದು. ಅದು ಉಂಟಾಗಲು ಸಂಪನ್ಮೂಲವನ್ನು ಒಂದು ಹೊತ್ತಿಗೆ ಒಬ್ಬನೇ ಬಳಸಬೇಕು, ಪ್ರತಿಯೊಬ್ಬನೂ ತನ್ನ ಕೈಯಲ್ಲಿರುವುದನ್ನು ಬಿಡದೆ ಇನ್ನೊಂದಕ್ಕಾಗಿ ಕಾಯುತ್ತಿರಬೇಕು, ಯಾರಿಂದಲೂ ಯಾರೂ ಕಿತ್ತುಕೊಳ್ಳುವಂತಿರಬಾರದು, ಆ ಕಾಯುವಿಕೆ ಸುತ್ತಿಕೊಂಡು ಮೊದಲಿನವನಲ್ಲಿಗೇ ಬಂದು ನಿಲ್ಲಬೇಕು. ಈ ನಾಲ್ಕು ಷರತ್ತುಗಳನ್ನು 1971ರಲ್ಲಿ ಬರೆದಿಟ್ಟವರು ನಮ್ಮ ಶುಲ್ಕ ಕೌಂಟರನ್ನು ನೋಡಿರಲಿಲ್ಲ ಎಂಬುದು ಆಶ್ಚರ್ಯ. ಶಿಕ್ಷಣ ಸಾಲ ಮಂಜೂರು ಮಾಡಲು ಬ್ಯಾಂಕಿನವರು ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ ಕೇಳುತ್ತಾರೆ. ಪ್ರಮಾಣಪತ್ರ ಬೇಕಾದರೆ ವಿದ್ಯಾರ್ಥಿ ಮೊದಲು ಶುಲ್ಕ ಕಟ್ಟಿರಬೇಕೆಂದು ಕಚೇರಿ ಹೇಳುತ್ತದೆ. ಶುಲ್ಕ ಕಟ್ಟಬೇಕಾದರೆ ಸಾಲ ಬರಬೇಕು. ಪ್ರಮಾಣಪತ್ರದ ಮೊಹರು ಒಂದೇ ಇದ್ದು, ಅದಿರುವ ಬೀರುವಿನ ಕೀಲಿ ಒಬ್ಬರ ಬಳಿಯೇ ಇರುವುದರಿಂದ ಮತ್ತು ಅವರು ಊಟಕ್ಕೆ ಹೋಗಿರುವುದರಿಂದ ಮೊದಲ ಷರತ್ತೂ ಪೂರೈಸುತ್ತದೆ. ಪಠ್ಯದ ಪ್ರಕಾರ ಡೆಡ್‌ಲಾಕ್‌ನಿಂದ ಬಿಡಿಸಿಕೊಳ್ಳುವ ಒಂದು ಉಪಾಯವೆಂದರೆ ಸಿಕ್ಕಿಹಾಕಿಕೊಂಡ ಪ್ರಕ್ರಿಯೆಗಳಲ್ಲಿ ಒಂದನ್ನು ಬಲಿಗೊಡುವುದು. ಸೊಸೈಟಿಯಲ್ಲಿ ಕೈಗಡ ತಂದು ಶುಲ್ಕ ಕಟ್ಟುವ ಅಪ್ಪನೇ ಇಲ್ಲಿ ಆ ಬಲಿ.

ಸಭಾ ಕಾರ್ಯಕ್ರಮದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಸಸಿಗೆ ನೀರೆರೆಯುವುದು, ಪ್ರೊಜೆಕ್ಟರ್‌ಗೂ ಲ್ಯಾಪ್‌ಟಾಪ್‌ಗೂ ಹೊಂದಾಣಿಕೆಯಾಗದ ಕೇಬಲ್ ಸುತ್ತ ಪಿಎಚ್‌ಡಿ ಪದವೀಧರರು ನೆರೆಯುವುದು, ಅಟೆಂಡರ್ ಬಂದು ಸರಿಪಡಿಸುವುದು ಎಲ್ಲವೂ ಕ್ರಮಪ್ರಕಾರ ನಡೆಯುತ್ತದೆ. ದೇಶದಲ್ಲೇ ಮೊದಲು, 1997ರಲ್ಲಿ, ಮಾಹಿತಿ ತಂತ್ರಜ್ಞಾನ ನೀತಿ ಪ್ರಕಟಿಸಿದ ರಾಜ್ಯ ನಮ್ಮದೆಂದು ಒಬ್ಬರು ನೆನಪಿಸುತ್ತಾರೆ. ಮುಖ್ಯ ಅತಿಥಿಗಳು ತಮ್ಮ ಭಾಷಣದ ಮೊದಲರ್ಧದಲ್ಲಿ ಕೃತಕ ಬುದ್ಧಿಮತ್ತೆ ಎಲ್ಲ ಪ್ರೋಗ್ರಾಮರುಗಳ ಕೆಲಸ ಕಸಿಯಲಿದೆ ಎಂದು ಎಚ್ಚರಿಸಿ, ಉತ್ತರಾರ್ಧದಲ್ಲಿ ಈ ಕೋರ್ಸ್ ಸೇರಿದವರಿಗೆ ಕೆಲಸ ಕಟ್ಟಿಟ್ಟ ಬುತ್ತಿ ಎಂದು ಹರಸುತ್ತಾರೆ. ಎರಡಕ್ಕೂ ಚಪ್ಪಾಳೆ ಒಂದೇ ಪ್ರಮಾಣದಲ್ಲಿ ಬೀಳುತ್ತದೆ.

ಅವರ ಹಿಂದೆಯೇ ಸೈಬರ್ ಸುರಕ್ಷತೆಯ ಉಪನ್ಯಾಸವಿರುತ್ತದೆ. ಆಧಾರ್ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ, ಕೊಡಲೇಬೇಕಾದರೆ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿ ಕೊಡಿ ಎಂದು ವಕ್ತಾರರು ತಿಳಿಹೇಳುತ್ತಿರುವಾಗಲೇ ಸಭಿಕರ ಜೇಬುಗಳಲ್ಲಿ ಮೊಬೈಲ್‌ಗಳು ಒಟ್ಟಿಗೆ ಕಂಪಿಸುತ್ತವೆ. ಹೊಸದಾಗಿ ರಚಿಸಿದ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ವಿಭಾಗದಿಂದ ಒಂದು ಪಟ್ಟಿ ಬಂದಿರುತ್ತದೆ: ಎಲ್ಲ ವಿದ್ಯಾರ್ಥಿಗಳ ಹೆಸರು, ಮೊಬೈಲ್ ಸಂಖ್ಯೆ, ತಂದೆಯ ಆದಾಯ, ಪೂರ್ತಿ ಆಧಾರ್ ಸಂಖ್ಯೆ, ವಿದ್ಯಾರ್ಥಿ ಗುರುತಿನ ಸಂಖ್ಯೆಯಾದ ಹನ್ನೆರಡಂಕಿಯ ಅಪಾರ್ ಐಡಿ, ಜೊತೆಗೆ ‘ತಪ್ಪಿದ್ದಲ್ಲಿ ಕೂಡಲೇ ತಿಳಿಸತಕ್ಕದ್ದು’ ಎಂಬ ಸೂಚನೆ. ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯ್ದೆಯನ್ನೇ ಮಾಡಿದೆ ಎಂದು ಪರದೆಯ ಮೇಲೆ ಆ ಹೊತ್ತಿಗೆ ಸ್ಲೈಡ್ ಮೂಡಿರುತ್ತದೆ.

ಇಷ್ಟೆಲ್ಲ ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರ ಫೋಟೋ ತೆಗೆಯುವಾಗ ಸಿಗುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯಲು 1994ರಲ್ಲಿ ಸ್ಥಾಪನೆಯಾಗಿ ನಮ್ಮ ಬೆಂಗಳೂರಿನ ನಾಗರಬಾವಿಯಲ್ಲೇ ನೆಲೆಸಿರುವ ನ್ಯಾಕ್ ಸಂಸ್ಥೆಯ ಮುಂದಿಡಬೇಕಾದ ಕಡತಗಳಲ್ಲಿ ಜಿಯೋಟ್ಯಾಗ್ ಇರುವ ಛಾಯಾಚಿತ್ರಕ್ಕೆ ಇರುವ ಬೆಲೆ ಬೇರಾವುದಕ್ಕೂ ಇಲ್ಲ. ಹೀಗಾಗಿ ಉಪನ್ಯಾಸ ಅರ್ಧದಲ್ಲಿ ನಿಂತರೂ ಪರವಾಗಿಲ್ಲ, ಅಕ್ಷಾಂಶ ರೇಖಾಂಶಗಳು ಚಿತ್ರದ ಕೆಳಗೆ ಸ್ಪಷ್ಟವಾಗಿ ಮೂಡಬೇಕು. ಸಭಾಂಗಣದ ಒಳಗೆ ಜಿಪಿಎಸ್ ಸಿಗ್ನಲ್ ಸಿಗದೆ ಕಾರ್ಯಕ್ರಮವು ಪಕ್ಕದ ತಾಲ್ಲೂಕಿನಲ್ಲಿ ನಡೆಯುತ್ತಿರುವಂತೆ ಆ್ಯಪ್ ತೋರಿಸಿದರೆ, ಸಂಯೋಜಕರು ಮೊಬೈಲನ್ನು ಕಿಟಕಿಯಾಚೆ ಚಾಚಿ ಉಪಗ್ರಹಕ್ಕೆ ದರ್ಶನ ಮಾಡಿಸಿಕೊಂಡು ಬರುತ್ತಾರೆ. ಮುಂದಿನ ಸಾಲಿನ ಕುರ್ಚಿಗಳು ಖಾಲಿ ಕಾಣಬಾರದೆಂದು ಅಂತಿಮ ವರ್ಷದವರನ್ನು ಪ್ರಯೋಗಾಲಯದಿಂದ ಎಬ್ಬಿಸಿ ತಂದು ಕೂರಿಸಲಾಗುತ್ತದೆ. ಹೊಸಬರನ್ನು ಸ್ವಾಗತಿಸುವ ಸಭೆಯ ಚಿತ್ರದಲ್ಲಿ ಅತ್ಯಂತ ಆಸಕ್ತಿಯಿಂದ ಕೇಳುತ್ತಿರುವಂತೆ ಕಾಣುವವರು ಅವರೇ, ಏಕೆಂದರೆ ಅವರಿಗೆ ಅಭ್ಯಾಸವಾಗಿರುತ್ತದೆ. ಇಷ್ಟು ಜನ ಮತ್ತೆ ಒಟ್ಟಿಗೆ ಸಿಗುವುದು ಕಷ್ಟವೆಂದು ಬ್ಯಾನರ್ ಬದಲಿಸಿ ಇನ್ನೆರಡು ಚಿತ್ರ ತೆಗೆಯುವ ದೂರದೃಷ್ಟಿಯೂ ಉಂಟು: ಒಂದು ಸೈಬರ್ ಜಾಗೃತಿ ಕಾರ್ಯಾಗಾರದ್ದು, ಇನ್ನೊಂದು ಪೋಷಕರ ಸಭೆಯದ್ದು. ಮೂರರಲ್ಲೂ ದಿನಾಂಕ ಒಂದೇ ಇರುವುದು ತೊಡಕಲ್ಲ, ಒಂದೇ ದಿನ ಮೂರು ಕಾರ್ಯಕ್ರಮ ನಡೆಸಿದ ವಿಭಾಗದ ಕ್ರಿಯಾಶೀಲತೆಗೆ ಅದು ಪುರಾವೆ. ಕಾರ್ಯಕ್ರಮದ ವರದಿಯಂತೂ ಹಿಂದಿನ ದಿನವೇ ಸಿದ್ಧವಾಗಿರುತ್ತದೆ. ‘ವಿದ್ಯಾರ್ಥಿಗಳು ಅತ್ಯಂತ ಉತ್ಸಾಹದಿಂದ ಪಾಲ್ಗೊಂಡು ಪ್ರಯೋಜನ ಪಡೆದರು’ ಎಂಬ ವಾಕ್ಯ ಹಲವು ವರ್ಷಗಳಿಂದ ಒಂದು ಅಲ್ಪವಿರಾಮವೂ ಕದಲದೆ ನಿಂತಿದೆ, ಬದಲಾಗುವುದು ಇಸವಿ ಮಾತ್ರ.

ಕೊನೆಯ ಹಂತ ಅಭಿಪ್ರಾಯ ಸಂಗ್ರಹ. ಮೊದಲು ಗೂಗಲ್ ಫಾರ್ಮ್‌ನ ಲಿಂಕ್ ಕಳುಹಿಸಲಾಗುತ್ತದೆ. ಕಾಲೇಜಿನ ವೈಫೈಗೆ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲದ ಕಾರಣ ಅದನ್ನು ಬಿಟ್ಟು, ಅದೇ ಪ್ರಶ್ನೆಗಳನ್ನು ಮುದ್ರಿಸಿ ಹಂಚಿ, ಪೆನ್ನಿನಲ್ಲಿ ಗುರುತು ಹಾಕಿಸಿಕೊಳ್ಳಲಾಗುತ್ತದೆ. ‘ಅತ್ಯುತ್ತಮ’ ಎಂಬುದಕ್ಕೆ ಗುರುತು ಹಾಕಿದವರಿಗೆ ಊಟದ ಕೂಪನ್ ಕೊಡುವುದು ಸಂಪ್ರದಾಯ, ಹಾಕದವರಿಗೂ ಕೊಡುತ್ತಾರೆ, ಆದರೆ ಹೆಸರು ಬರೆದುಕೊಳ್ಳುತ್ತಾರೆ. ಊಟ ಮುಗಿಯುತ್ತಿದ್ದಂತೆ ಧ್ವನಿವರ್ಧಕದಲ್ಲಿ ಪ್ರಕಟಣೆ ಬರುತ್ತದೆ: ಹೊಸ ವಿದ್ಯಾರ್ಥಿಗಳಲ್ಲಿ ಯಾರಿಗೆ ಎಕ್ಸೆಲ್ ಚೆನ್ನಾಗಿ ಬರುತ್ತದೋ ಅವರು ಹೋಗದೆ ಪ್ರಯೋಗಾಲಯಕ್ಕೆ ಬರಬೇಕು, ಬೆಳಿಗ್ಗೆಯಿಂದ ಎಲ್ಲರೂ ತುಂಬಿದ ಅರ್ಜಿಗಳನ್ನೂ ಅಭಿಪ್ರಾಯದ ಹಾಳೆಗಳನ್ನೂ ಕಂಪ್ಯೂಟರ್‌ಗೆ ಏರಿಸಬೇಕಾಗಿದೆ, ಏರಿಸಿದ ಮೇಲೆ ಮೂರು ಪ್ರತಿ ಪ್ರಿಂಟ್ ತೆಗೆದು ಕಚೇರಿಗೆ ಕೊಡಬೇಕು.